ಖೊರೊಗ್, 1991–95: ಮಾಸ್ಕೋದ ನೆರವು ನಿಂತ ಮೇಲೆ ಪಾಮೀರ್ ಪ್ರಾಂತವನ್ನು ನಡೆಸಿದವರು ಯಾರು?

ಹಿಮಕಣಿವೆ (ಚರ್ಚೆ ಆರಂಭ)

ಸೋವಿಯತ್ ಒಕ್ಕೂಟ ಕುಸಿದ ಕಥೆಯನ್ನು ನಾವು ಮಾಸ್ಕೋ, ಉಕ್ರೇನ್, ಬಾಲ್ಟಿಕ್ ತೀರದ ಕಡೆಯಿಂದಲೇ ಓದುತ್ತೇವೆ. ಅದೇ ಹೊತ್ತಿಗೆ ತಜಿಕಿಸ್ತಾನದ ಪೂರ್ವಭಾಗದಲ್ಲಿ ಪಾಮೀರ್ ಪರ್ವತಗಳ ನಾಡಾದ ಗೋರ್ನೊ-ಬದಖ್ಶಾನ್ ಸ್ವಾಯತ್ತ ಪ್ರಾಂತದಲ್ಲಿ ಏನಾಯಿತು ಎಂಬುದು ಕನ್ನಡದಲ್ಲಿ ಹೆಚ್ಚು ಚರ್ಚೆಯಾಗಿಲ್ಲ. ಅದಕ್ಕಾಗಿ ಈ ಎಳೆ.

ಮೊದಲು ನೆಲದ ಪರಿಚಯ. ತಜಿಕಿಸ್ತಾನದ ಸುಮಾರು ಶೇಕಡ 45ರಷ್ಟು ಭೂಮಿ ಈ ಪ್ರಾಂತದ್ದು. ಆದರೆ 1989ರ ಜನಗಣತಿಯಲ್ಲಿ ಅಲ್ಲಿದ್ದವರು 1 ಲಕ್ಷ 60 ಸಾವಿರದಷ್ಟು ಜನ. ಇಡೀ ಗಣರಾಜ್ಯದ ಜನಸಂಖ್ಯೆಯ ಶೇಕಡ 3ರಷ್ಟು ಮಾತ್ರ. ಉಳುಮೆಗೆ ಒದಗುವ ನೆಲ ಶೇಕಡ 1ಕ್ಕಿಂತಲೂ ಕಡಿಮೆ. ಪ್ರಾಂತದ ರಾಜಧಾನಿ ಖೊರೊಗ್ ಗುಂಟ್ ನದಿ ಪಂಜ್ ನದಿಯನ್ನು ಸೇರುವಲ್ಲಿದೆ; ಪಂಜ್ ದಾಟಿದರೆ ಅಫ್ಘಾನಿಸ್ತಾನ. ಶುಘ್ನಿ, ರುಶಾನಿ, ವಾಖಿ, ಇಶ್ಕಾಶಿಮಿ ಹೀಗೆ ಕಣಿವೆಗೊಂದು ಭಾಷೆ. ಹೆಚ್ಚಿನವರು ಆಗಾ ಖಾನರನ್ನು ಇಮಾಮ್ ಎಂದು ನಂಬುವ ಇಸ್ಮಾಯಿಲಿಗಳು. ಪಶ್ಚಿಮದ ವಂಜ್, ದರ್ವಾಜ್‌ಗಳಲ್ಲಿ ಸುನ್ನಿ ತಜಿಕರು, ಪೂರ್ವದ ಮುರ್ಘಾಬ್ ಪ್ರಸ್ಥಭೂಮಿಯಲ್ಲಿ ಕಿರ್ಗಿಜ್ ಪಶುಪಾಲಕರು.

ಇಂಥ ಪ್ರಾಂತವನ್ನು ಸೋವಿಯತ್ ವ್ಯವಸ್ಥೆ ಹೊರಗಿನಿಂದ ತಂದು ಸಾಕಿತು. ಕಿರ್ಗಿಜಸ್ತಾನದ ಓಶ್ ನಗರದಿಂದ ಬರುವ, 1930ರ ದಶಕದಲ್ಲಿ ಕಟ್ಟಿದ ಓಶ್–ಖೊರೊಗ್ ಹೆದ್ದಾರಿ 700 ಕಿಲೋಮೀಟರಿಗೂ ಉದ್ದವಿದೆ, 4,655 ಮೀಟರ್ ಎತ್ತರದ ಅಕ್-ಬೈತಾಲ್ ಕಣಿವೆಮಾರ್ಗವನ್ನು ಹತ್ತಿ ಇಳಿಯುತ್ತದೆ. ಹಿಟ್ಟು, ಸಕ್ಕರೆ, ಕಲ್ಲಿದ್ದಲು, ಡೀಸೆಲ್, ಔಷಧ ಎಲ್ಲವೂ ಅದರ ಮೇಲೆ ಲಾರಿಗಳಲ್ಲಿ ಬರುತ್ತಿದ್ದವು. ತಜಿಕಿಸ್ತಾನದ ರಾಜಧಾನಿ ದುಶಾಂಬೆಯ ದಾರಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮದಲ್ಲಿ ಮುಚ್ಚಿಹೋಗುತ್ತಿತ್ತು. ಆಗ ಉಳಿಯುತ್ತಿದ್ದುದು ಪರ್ವತಗಳ ನಡುವೆ ನುಸುಳಿ ಹಾರುವ ಸಣ್ಣ ವಿಮಾನ. ಗಡಿಯಂಚಿನ ಈ ಜನರನ್ನು ಚೆನ್ನಾಗಿಟ್ಟುಕೊಳ್ಳುವುದು ಮಾಸ್ಕೋಗೆ ರಕ್ಷಣೆಯ ವಿಷಯವೂ ಆಗಿತ್ತು. ಹಾಗಾಗಿ ಶಾಲೆ, ಆಸ್ಪತ್ರೆ, ಸರ್ಕಾರಿ ನೌಕರಿ ಯಥೇಚ್ಛವಾಗಿ ಬಂದವು. ಶಿಕ್ಷಕರು, ವೈದ್ಯರು, ಎಂಜಿನಿಯರುಗಳು ಮನೆಮನೆಯಲ್ಲಿದ್ದರು.

1991ರ ಕೊನೆಗೆ ಇದೆಲ್ಲ ಒಂದೇ ಸಲ ನಿಂತಿತು. 1992ರಲ್ಲಿ ಖೊರೊಗ್‌ನ ಪ್ರಾಂತೀಯ ಸೋವಿಯತ್, ಅಂದರೆ ಚುನಾಯಿತ ಸಭೆ, ತನ್ನ ಪ್ರಾಂತವನ್ನು ಗಣರಾಜ್ಯವೆಂದು ಘೋಷಿಸಿತು. ಇದನ್ನು ಹೆಚ್ಚಿನ ಕಡೆ ‘ಪ್ರತ್ಯೇಕತಾವಾದ’ ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ. ನನ್ನ ವಾದ ಬೇರೆ: ಆ ಘೋಷಣೆ ದೇಶ ಬಿಡುವ ಹೆಜ್ಜೆಯಾಗಿರಲಿಲ್ಲ. ಖಜಾನೆಯೂ ದಾರಿಯೂ ತನ್ನ ಕೈಯಲ್ಲಿಲ್ಲದ ಆಡಳಿತವೊಂದು ತನ್ನ ಜನರ ಪರವಾಗಿ ಯಾರೊಂದಿಗಾದರೂ ನೇರವಾಗಿ ಮಾತನಾಡುವ ಅಧಿಕಾರವನ್ನು ಹುಡುಕಿದ ಪ್ರಯತ್ನ ಅದು. ಒಪ್ಪದವರು ದಯವಿಟ್ಟು ಬರೆಯಿರಿ.

ಸಹ್ಯಾದ್ರಿ ಓದುಗ

ಹಿಮಕಣಿವೆಯವರೇ, ಹಿನ್ನೆಲೆ ಚೆನ್ನಾಗಿ ಕೊಟ್ಟಿದ್ದೀರಿ. ತೀರ್ಮಾನ ಮಾತ್ರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬರೀ ಹಿಟ್ಟು–ಡೀಸೆಲ್ ಪ್ರಶ್ನೆಯಾಗಿದ್ದರೆ ‘ಲಾಲಿ ಬದಖ್ಶಾನ್’ ಏಕೆ ಹುಟ್ಟುತ್ತಿತ್ತು? 1991ರಲ್ಲಿ ಆರಂಭವಾದ ಈ ಸಂಘಟನೆ ಪಾಮೀರಿಗಳ ಹಕ್ಕು ಮತ್ತು ಹೆಚ್ಚಿನ ಸ್ವಾಯತ್ತತೆ ಕೇಳಿತು, ದುಶಾಂಬೆಯ ಬೀದಿಗಳಲ್ಲಿ ವಿರೋಧಪಕ್ಷಗಳ ಜೊತೆ ನಿಂತಿತು. ಅದರ ನಾಯಕರು ಅತೋಬೆಕ್ ಅಮೀರ್ಬೆಕೋವ್. ಅಂದರೆ ರಾಜಕೀಯ ಆಸೆ ಹಸಿವಿಗಿಂತ ಮೊದಲೇ ಇತ್ತು.

1991ರ ನವೆಂಬರ್ ಅಧ್ಯಕ್ಷ ಚುನಾವಣೆಯನ್ನೂ ನೋಡಿ. ಹಳೆಯ ಕಮ್ಯುನಿಸ್ಟ್ ರಹ್ಮಾನ್ ನಬೀಯೆವ್ ಗೆದ್ದರು. ಎದುರಿಗೆ ನಿಂತವರು ದವ್ಲತ್ ಖುದೊನಜರೊವ್. ಪಾಮೀರಿನ ಚಲನಚಿತ್ರ ನಿರ್ದೇಶಕರು, ಸೋವಿಯತ್ ಸಿನಿಮಾ ಕರ್ಮಿಗಳ ಒಕ್ಕೂಟದ ಮುಖ್ಯಸ್ಥರಾಗಿದ್ದವರು. ಅಧಿಕೃತ ಎಣಿಕೆಯಲ್ಲೇ ಅವರಿಗೆ ಸುಮಾರು ಶೇಕಡ 30 ಮತ ಬಂತು. ಜನಸಂಖ್ಯೆಯ ಶೇಕಡ 3ರಷ್ಟಿದ್ದ ಪ್ರಾಂತದ ಒಬ್ಬರು ಇಡೀ ದೇಶದಲ್ಲಿ ಇಷ್ಟು ಮತ ಪಡೆದಿದ್ದಾರೆ. ಈ ಜನ ಅಧಿಕಾರದ ಕನಸು ಕಂಡಿದ್ದರು, ಅದರಲ್ಲಿ ತಪ್ಪೂ ಇಲ್ಲ. ಅದನ್ನು ಪಡಿತರದ ಸಮಸ್ಯೆ ಎಂದು ಕಿರಿದಾಗಿಸಬೇಡಿ.

ಹಿಮಕಣಿವೆ

ಒಳ್ಳೆಯ ಆಕ್ಷೇಪ. ಆದರೆ ಖುದೊನಜರೊವ್ ಅವರ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ ಅನ್ನಿಸುತ್ತದೆ. ದೇಶದಿಂದ ಹೊರಹೋಗಬೇಕೆಂದಿದ್ದವರು ಆ ದೇಶದ ಅಧ್ಯಕ್ಷರಾಗಲು ಚುನಾವಣೆಗೆ ನಿಲ್ಲುವುದಿಲ್ಲ. 1992ರ ಬೇಸಿಗೆಯವರೆಗೂ ಪಾಮೀರಿ ರಾಜಕಾರಣದ ಕಣ್ಣು ದುಶಾಂಬೆಯ ಮೇಲಿತ್ತು. ಸೆಪ್ಟೆಂಬರಿನಲ್ಲಿ ನಬೀಯೆವ್ ವಿಮಾನ ನಿಲ್ದಾಣದಲ್ಲಿ ಒತ್ತಡಕ್ಕೆ ಸಿಕ್ಕಿ ರಾಜೀನಾಮೆ ಕೊಟ್ಟಾಗ ಹಂಗಾಮಿ ಅಧ್ಯಕ್ಷರಾದವರು ಅಕ್ಬರ್‌ಶೊ ಇಸ್ಕಂದರೊವ್. ಅವರೂ ಬದಖ್ಶಾನ್ ಮೂಲದವರೇ.

ಶಾಸನಪ್ರಿಯೆ

ಇಬ್ಬರ ಮಾತಿನಲ್ಲೂ ಬಿಟ್ಟುಹೋಗುತ್ತಿರುವ ಒಂದು ಸಂಗತಿ ಇದೆ: ಕಾನೂನು. ಅದನ್ನು ಬಿಡಿಸಿ ಹೇಳಲೇಬೇಕು. ಏಕೆಂದರೆ ಆ ಘೋಷಣೆ ಯಾವ ಭಾಷೆಯಲ್ಲಿ ಮಾತನಾಡಿತು ಎಂಬುದು ಸೋವಿಯತ್ ಸಂವಿಧಾನ ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ.

ಸೋವಿಯತ್ ಒಕ್ಕೂಟದಲ್ಲಿ ಮೆಟ್ಟಿಲುಗಳಿದ್ದವು. ಮೇಲೆ ಒಕ್ಕೂಟ ಗಣರಾಜ್ಯ, ಅದರ ಕೆಳಗೆ ಸ್ವಾಯತ್ತ ಗಣರಾಜ್ಯ, ಅದರ ಕೆಳಗೆ ಸ್ವಾಯತ್ತ ಪ್ರಾಂತ, ಕೊನೆಗೆ ಸ್ವಾಯತ್ತ ಜಿಲ್ಲೆ. ಒಕ್ಕೂಟದ ಸಂಸತ್ತಿನ ಒಂದು ಸದನವಾದ ರಾಷ್ಟ್ರೀಯತೆಗಳ ಸೋವಿಯತ್‌ನಲ್ಲಿ ಇವುಗಳಿಗೆ ಕ್ರಮವಾಗಿ 32, 11, 5 ಮತ್ತು 1 ಸ್ಥಾನ. ಸ್ವಾಯತ್ತ ಗಣರಾಜ್ಯಕ್ಕೆ ತನ್ನದೇ ಸಂವಿಧಾನ, ಸುಪ್ರೀಂ ಸೋವಿಯತ್, ಮಂತ್ರಿಮಂಡಲ ಇರುತ್ತಿದ್ದವು. ಸ್ವಾಯತ್ತ ಪ್ರಾಂತಕ್ಕೆ ಸೋವಿಯತ್ ಮತ್ತು ಕಾರ್ಯಕಾರಿ ಸಮಿತಿ ಮಾತ್ರ. ಖೊರೊಗ್ 1925ರ ಜನವರಿಯಿಂದಲೂ ಈ ಮೂರನೆಯ ಮೆಟ್ಟಿಲಿನಲ್ಲೇ ನಿಂತಿತ್ತು.

1990ರ ಏಪ್ರಿಲ್‌ನಲ್ಲಿ ಒಕ್ಕೂಟದಿಂದ ಹೊರಹೋಗುವ ಕ್ರಮದ ಬಗ್ಗೆ ಮಾಸ್ಕೋ ಒಂದು ಕಾನೂನು ತಂದಿತು. ಯಾವುದೇ ಗಣರಾಜ್ಯ ಹೊರಹೋಗಲು ಜನಮತ ಕೇಳಿದರೆ ಅದರೊಳಗಿನ ಸ್ವಾಯತ್ತ ಘಟಕಗಳಲ್ಲಿ ಜನಮತವನ್ನು ಬೇರೆಯಾಗಿಯೇ ಪಡೆಯಬೇಕು ಎಂದು ಅದು ಹೇಳಿತು. 1991ರ ಸೆಪ್ಟೆಂಬರ್ 9ರಂದು ತಜಿಕಿಸ್ತಾನ ಸ್ವಾತಂತ್ರ್ಯ ಘೋಷಿಸಿದಾಗ ಆ ಕಾನೂನನ್ನು ಯಾರೂ ನೋಡಲಿಲ್ಲ. ಖೊರೊಗ್‌ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಅದೇ ವರ್ಷ ಜುಲೈನಲ್ಲಿ ರಷ್ಯಾದೊಳಗಿನ ನಾಲ್ಕು ಸ್ವಾಯತ್ತ ಪ್ರಾಂತಗಳು, ಅಂದರೆ ಅದಿಗೇಯಾ, ಅಲ್ತಾಯ್, ಕರಚಾಯ್-ಚೆರ್ಕೆಸ್ಸಿಯಾ ಮತ್ತು ಖಕಾಸ್ಸಿಯಾ, ಶಾಂತವಾಗಿ ಗಣರಾಜ್ಯಗಳಾದವು. ಯಾರೂ ಅವನ್ನು ಪ್ರತ್ಯೇಕತಾವಾದಿಗಳು ಎನ್ನಲಿಲ್ಲ. ರಷ್ಯಾದ ಹೊರಗಿದ್ದ ಸ್ವಾಯತ್ತ ಪ್ರಾಂತಗಳು ಮೂರೇ ಮೂರು: ದಕ್ಷಿಣ ಒಸೆಟಿಯಾ, ನಗೊರ್ನೊ-ಕರಬಾಖ್, ಗೋರ್ನೊ-ಬದಖ್ಶಾನ್. ಮೊದಲನೆಯದನ್ನು ಜಾರ್ಜಿಯಾ 1990ರ ಡಿಸೆಂಬರಿನಲ್ಲಿ ರದ್ದು ಮಾಡಿತು, ಎರಡನೆಯದನ್ನು ಅಜರ್‌ಬೈಜಾನ್ 1991ರ ನವೆಂಬರಿನಲ್ಲಿ. ಎರಡೂ ಕಡೆ ಯುದ್ಧವಾಯಿತು. ಮೂರನೆಯ ಪ್ರಾಂತದ ಪ್ರತಿನಿಧಿಗಳು ಈ ಸುದ್ದಿಗಳನ್ನು ಓದದೆ ಕುಳಿತಿರಲಿಲ್ಲ. ಮೇಲಿನ ಮೆಟ್ಟಿಲು ಹತ್ತಿದರೆ ತಮ್ಮನ್ನು ಅಳಿಸಿಹಾಕುವುದು ಕಷ್ಟವಾದೀತು ಎಂದು ಅವರು ಎಣಿಸಿದ್ದರೆ ಅದು ವಿವೇಕದ ಲೆಕ್ಕ. ಅವರು ಕೇಳಿದ್ದು ತಜಿಕಿಸ್ತಾನದೊಳಗಿನ ಮೇಲ್ದರ್ಜೆ, ವಿಶ್ವಸಂಸ್ಥೆಯಲ್ಲಿ ಕುರ್ಚಿಯನ್ನಲ್ಲ.

ತಾಷ್ಕೆಂಟ್ ಬ್ಯಾಚ್

ಆ ವರ್ಷಗಳಲ್ಲಿ ನಾನು ತಾಷ್ಕೆಂಟಿನಲ್ಲಿ ವಿದ್ಯಾರ್ಥಿಯಾಗಿದ್ದೆ. ಪಾಮೀರಿಗೆ ಹೋದವನಲ್ಲ, ಹಾಗಾಗಿ ಕಂಡದ್ದು ಎಂದು ಹೇಳಲಾರೆ. ಆದರೆ ಹಣದ ವಿಷಯ ನೆನಪಿದೆ. ಅಂಗಡಿಯಲ್ಲಿ ಬೆಲೆ ವಾರದಿಂದ ವಾರಕ್ಕೆ ಏರುತ್ತಿತ್ತು, ನೋಟುಗಳು ಬ್ಯಾಂಕಿಗೆ ಬರುತ್ತಲೇ ಇರಲಿಲ್ಲ. ಸುತ್ತಲಿನ ದೇಶಗಳೆಲ್ಲ ತಮ್ಮ ಹಣ ಅಚ್ಚು ಹಾಕಿಕೊಂಡ ಮೇಲೂ ತಜಿಕಿಸ್ತಾನ 1995ರ ಮೇವರೆಗೆ ರಷ್ಯಾದ ರೂಬಲ್‌ನಲ್ಲೇ ವ್ಯವಹಾರ ಮಾಡುತ್ತಿತ್ತು. ನೋಟು ಮಾಸ್ಕೋದಿಂದ ಬರಬೇಕು. ಬಂದದ್ದು ಮೊದಲು ದುಶಾಂಬೆಗೆ, ಉಳಿದರೆ ಉಳಿದ ಊರುಗಳಿಗೆ. ಹಿಮದ ಆಚೆಗಿನ ಖೊರೊಗ್‌ನ ಸರದಿ ಯಾವಾಗ ಬರುತ್ತಿತ್ತೆಂದು ಊಹಿಸಿ. ಪ್ರಾಂತದಲ್ಲಿ ಸಂಬಳದ ಮೇಲೆ ಬದುಕುವವರೇ ಹೆಚ್ಚು. ಸಂಬಳವಿಲ್ಲದ ಶಿಕ್ಷಕಿ ಪಾಠಕ್ಕೆ ಬರುತ್ತಾಳೆ, ಆದರೆ ಎಷ್ಟು ತಿಂಗಳು?

ಆಡಳಿತ ಎಂದರೆ ಬಾವುಟವೂ ನಿರ್ಣಯವೂ ಮಾತ್ರವೆಂದು ಭಾವಿಸುವವರಿಗೆ ಇದನ್ನು ಹೇಳಬೇಕೆನಿಸಿತು. ನೋಟು ತುಂಬಿದ ಚೀಲ ವಿಮಾನದಲ್ಲಿ ಬಂದರೆ ಸರ್ಕಾರವಿದೆ, ಬರದಿದ್ದರೆ ಇಲ್ಲ.

ದೂರದ ದಾರಿ

ವಿಮಾನದ ಮಾತು ಬಂದದ್ದರಿಂದ ಬರೆಯುತ್ತೇನೆ. 1993ರ ಆಗಸ್ಟ್ 28ರಂದು ಖೊರೊಗ್ ವಿಮಾನ ನಿಲ್ದಾಣದಲ್ಲಿ ನಡೆದ ದುರಂತ ಆ ಪ್ರಾಂತದ ಸ್ಥಿತಿಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ. ದುಶಾಂಬೆಗೆ ಹೊರಟ ಯಾಕ್-40 ವಿಮಾನದಲ್ಲಿ ಆಸನಗಳು 28. ಹತ್ತಿದವರು ಸಿಬ್ಬಂದಿ ಸೇರಿ 86 ಮಂದಿ. ಬಂದೂಕು ಹಿಡಿದವರು ಪೈಲಟ್‌ಗಳನ್ನು ಹೆದರಿಸಿ ಹಾರಿಸುವಂತೆ ಬಲವಂತಪಡಿಸಿದರು. ವಿಮಾನ ನೆಲ ಬಿಡಲಾಗದೆ ಓಡುಹಾದಿಯ ಆಚೆಗೆ ನುಗ್ಗಿ ಛಿದ್ರವಾಯಿತು. ಸತ್ತವರು 82.

ಇದನ್ನು ಅಪಘಾತಗಳ ಪಟ್ಟಿಯಲ್ಲಿ ಓದಿ ಮುಂದೆ ಹೋಗಬಾರದು. ದಾರಿ ಮುಚ್ಚಿದೆ, ಹೊರಹೋಗಲು ಇರುವುದು ಒಂದೇ ವಿಮಾನ, ನಿಲ್ದಾಣದಲ್ಲಿ ‘ಇಲ್ಲ’ ಎನ್ನಬಲ್ಲ ಅಧಿಕಾರಿ ಯಾರೂ ಇಲ್ಲ. ಹಿಮಕಣಿವೆಯವರ ಪ್ರಶ್ನೆಗೆ, ಪ್ರಾಂತವನ್ನು ನಡೆಸಿದವರು ಯಾರು ಎಂಬುದಕ್ಕೆ, ಆ ದಿನದ ಉತ್ತರ ಬಂದೂಕು ಹಿಡಿದವರು ಎಂದೇ. ಖೊರೊಗ್‌ನ ಪ್ರಾಂತೀಯ ಸೋವಿಯತ್ತಿಗೆ ಗೌರವ ಕೊಡೋಣ. ಆದರೆ ಕಣಿವೆಗಳಲ್ಲಿ ಹುಟ್ಟಿಕೊಂಡ ಸಶಸ್ತ್ರ ಗುಂಪುಗಳನ್ನು ಅದು ಹಿಡಿತದಲ್ಲಿ ಇಟ್ಟುಕೊಂಡಿತ್ತು ಎಂದು ನಟಿಸುವುದು ಬೇಡ.

ಸಹ್ಯಾದ್ರಿ ಓದುಗ

ದೂರದ ದಾರಿಯವರ ಮಾತು ನನ್ನ ಮಾತೂ ಹೌದು. ಸೇರಿಸುತ್ತೇನೆ: ಪಂಜ್ ನದಿಯ ಗಡಿಯನ್ನು ಕಾಯುತ್ತಿದ್ದವರು ರಷ್ಯಾದ ಗಡಿಪಡೆಯವರು, 2000ದ ದಶಕದ ಮಧ್ಯದವರೆಗೂ. ಅಂದರೆ ಒಂದೇ ಊರಿನಲ್ಲಿ ಪ್ರಾಂತೀಯ ಆಡಳಿತ, ಸ್ಥಳೀಯ ಕಮಾಂಡರುಗಳು, ಇನ್ನೊಂದು ದೇಶದ ಸೈನಿಕರು, ಮತ್ತು ಕಾಗದದ ಮೇಲೆ ಮಾತ್ರ ಇರುವ ಕೇಂದ್ರ ಸರ್ಕಾರ.

ಹಿಮಕಣಿವೆ

ಬಂದೂಕುಗಳನ್ನು ನಾನು ಮರೆಮಾಚುತ್ತಿಲ್ಲ. ಅವು ಎಲ್ಲಿಂದ ಬಂದವು ಎಂಬುದನ್ನು ಮಾತ್ರ ಬಿಡಬಾರದು.

1992ರ ಮಾರ್ಚ್‌ನಲ್ಲಿ ಸಂಸತ್ತಿನ ಸಭಾಧ್ಯಕ್ಷ ಸಫರಾಲಿ ಕೆಂಜಾಯೆವ್ ಗೃಹಮಂತ್ರಿ ಮಮದಾಯೊಜ್ ನವ್ಜುವಾನೊವ್ ಅವರನ್ನು ದೂರದರ್ಶನದಲ್ಲಿ ಎಲ್ಲರೆದುರು ಆರೋಪಿಯಂತೆ ನಿಲ್ಲಿಸಿದರು. ನವ್ಜುವಾನೊವ್ ಪಾಮೀರಿ. ಮಾರನೆಯ ದಿನ ಪಾಮೀರಿಗಳು ದುಶಾಂಬೆಯ ಬೀದಿಗಿಳಿದರು. ಶಹೀದೋನ್ ಚೌಕದ ದೀರ್ಘ ಧರಣಿ ಅಲ್ಲಿಂದ ಶುರುವಾಯಿತು. ಮೇ ಹೊತ್ತಿಗೆ ಅಂತರ್ಯುದ್ಧ. ಡಿಸೆಂಬರಿನಲ್ಲಿ ಹಳೆಯ ಸರ್ಕಾರದ ಪರವಾಗಿದ್ದ, ದಕ್ಷಿಣದ ಕುಲೋಬ್ ಕಡೆಯ ಜನರಂಗದ ಪಡೆಗಳು ದುಶಾಂಬೆಯನ್ನು ಹಿಡಿದಾಗ ಪಾಮೀರಿಗಳನ್ನೂ ಗರ್ಮ್ ಕಣಿವೆಯವರನ್ನೂ ಬಸ್ಸಿನಿಂದ ಇಳಿಸಿ, ಗುರುತಿನ ಚೀಟಿಯಲ್ಲಿ ಹುಟ್ಟಿದ ಊರು ನೋಡಿ ಕೊಂದರು. ಇದು ದಾಖಲಾದ ಸತ್ಯ.

ಆ ಚಳಿಗಾಲದಲ್ಲಿ ಹತ್ತಾರು ಸಾವಿರ ಜನ ಓಡಿ ಬದಖ್ಶಾನ್ ಸೇರಿದರು. ಇವರಲ್ಲಿ ಎಷ್ಟೋ ಕುಟುಂಬಗಳನ್ನು ದಶಕಗಳ ಹಿಂದೆ ಸೋವಿಯತ್ ಸರ್ಕಾರವೇ ಹತ್ತಿ ಬೆಳೆಯಲು ದೇಶದ ನೈಋತ್ಯದ ವಖ್ಶ್ ಕಣಿವೆಗೆ ಬಲವಂತವಾಗಿ ಕಳಿಸಿತ್ತು. ತಾತನ ಕಾಲದಲ್ಲಿ ಹೊರದಬ್ಬಿದ ಊರಿಗೆ ಮೊಮ್ಮಕ್ಕಳು ಜೀವ ಉಳಿಸಿಕೊಳ್ಳಲು ಮರಳಿದರು. ಊಟವೇ ಇಲ್ಲದ ಪ್ರಾಂತಕ್ಕೆ ಈ ಜನ ಬಂದಾಗ ಯಾವ ಆಡಳಿತ ತಾನೇ ಎದೆಗುಂದುವುದಿಲ್ಲ? ಆದರೂ ಅವರಿಗೆ ಬಾಗಿಲು ಮುಚ್ಚಲಿಲ್ಲ. ಮನೆಗಳಲ್ಲಿ, ಶಾಲೆಗಳಲ್ಲಿ ಜಾಗ ಕೊಟ್ಟರು. ಅದೇ 1992ರಲ್ಲಿ, ಎಲ್ಲ ಕುಸಿಯುತ್ತಿದ್ದ ವರ್ಷದಲ್ಲಿ, ಖೊರೊಗ್‌ನಲ್ಲಿ ವಿಶ್ವವಿದ್ಯಾಲಯವೊಂದು ಆರಂಭವಾಯಿತು. ಈ ಸಂಗತಿ ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ದೂರದ ದಾರಿ

ವಿಶ್ವವಿದ್ಯಾಲಯದ ವಿಷಯ ತಿಳಿದಿರಲಿಲ್ಲ, ಧನ್ಯವಾದ. ಹಾಗಾದರೆ ಆಹಾರ ಕೊನೆಗೆ ಎಲ್ಲಿಂದ ಬಂತು? ಓಶ್ ಈಗ ಬೇರೆ ದೇಶ, ಕಿರ್ಗಿಜಸ್ತಾನ. ದುಶಾಂಬೆ ಶತ್ರು.

ಹಿಮಕಣಿವೆ

ಅದೇ ಹಳೆಯ ಓಶ್ ದಾರಿಯಿಂದ. ಆದರೆ ಕಳಿಸಿದವರು ಬೇರೆ. 1993ರಲ್ಲಿ ಆಗಾ ಖಾನ್ ಪ್ರತಿಷ್ಠಾನ ಪಾಮೀರ್ ಪರಿಹಾರ ಮತ್ತು ಅಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿತು. ಹಲವು ದೇಶಗಳು ಕೊಟ್ಟ ಆಹಾರವನ್ನು ಓಶ್‌ನಲ್ಲಿ ಸೇರಿಸಿ, ಲಾರಿಗಳಲ್ಲಿ ಹೇರಿ, ಮುರ್ಘಾಬ್ ದಾಟಿಸಿ ಖೊರೊಗ್‌ಗೆ, ಅಲ್ಲಿಂದ ಹಳ್ಳಿಹಳ್ಳಿಗೆ ತಲುಪಿಸಿದರು. ಸಹಾಯ ಇಸ್ಮಾಯಿಲಿಗಳಿಗೆ ಮಾತ್ರವಾಗಿರಲಿಲ್ಲ. ವಂಜ್, ದರ್ವಾಜ್‌ಗಳ ಸುನ್ನಿಗಳಿಗೂ ಮುರ್ಘಾಬಿನ ಕಿರ್ಗಿಜರಿಗೂ ಸಿಕ್ಕಿತು. ಆಗ ಇದು ನಡೆಯದಿದ್ದರೆ ಬರಗಾಲದ ಸಾವುಗಳು ಖಚಿತವಿದ್ದವು.

ಇಲ್ಲಿ ಆಡಳಿತದ ಇತಿಹಾಸ ನಿಜವಾಗಿ ಕುತೂಹಲಕಾರಿಯಾಗುತ್ತದೆ. ಅನ್ನ ಹಂಚುವುದರ ಜೊತೆಗೆ ಭೂಮಿಯ ಪ್ರಶ್ನೆ ಎದ್ದಿತು. ಸೋವಿಯತ್ ಕಾಲದಲ್ಲಿ ಇಷ್ಟು ಕಡಿಮೆ ನೆಲದ ದೊಡ್ಡ ಪಾಲನ್ನು ಜಾನುವಾರುಗಳ ಮೇವಿಗೆ ಬಳಸುತ್ತಿದ್ದರು. ಗೋಧಿ ಹೊರಗಿನಿಂದ ಬರುತ್ತಿತ್ತಲ್ಲ! ಈಗ ಸಾಮೂಹಿಕ ಕೃಷಿಕ್ಷೇತ್ರಗಳ ನೆಲವನ್ನು ಕುಟುಂಬಗಳಿಗೆ ಸಾಗುವಳಿಗೆ ಹಂಚಿದರು. ಒಡೆತನ ಸರ್ಕಾರದ್ದೇ, ಬೆಳೆ ಮಾತ್ರ ಬೆಳೆದವರದು. ಗೋಧಿ, ಆಲೂಗಡ್ಡೆ ಹಾಕಿದರು. ಕೆಲವೇ ವರ್ಷಗಳಲ್ಲಿ ಇಳುವರಿ ಹಲವು ಪಟ್ಟು ಏರಿತು. ಉಳಿದ ತಜಿಕಿಸ್ತಾನದಲ್ಲಿ ಹತ್ತಿಯ ಹಳೆಯ ಜಮೀನು ವ್ಯವಸ್ಥೆ ಅಲುಗದೆ ನಿಂತಿದ್ದಾಗ ಈ ದಿಟ್ಟ ಭೂಸುಧಾರಣೆಯನ್ನು ಮಾಡಿದ್ದು ‘ಆಡಳಿತವೇ ಇಲ್ಲದ’ ಎನ್ನುವ ಪ್ರಾಂತ. ಪ್ರಾಂತೀಯ ಅಧಿಕಾರಿಗಳ ಸಹಿ ಇಲ್ಲದೆ, ಜಿಲ್ಲೆಯ ಭೂದಾಖಲೆ ನೋಡಿಕೊಳ್ಳುವವರ ಕೆಲಸವಿಲ್ಲದೆ ಇದು ಆಗುವಂಥದ್ದಲ್ಲ.

ಸಹ್ಯಾದ್ರಿ ಓದುಗ

ಹಾಗಾದರೆ ನೇರವಾಗಿ ಕೇಳುತ್ತೇನೆ. ಅನ್ನ ಆಗಾ ಖಾನರದು, ಯೋಜನೆ ಆಗಾ ಖಾನರ ಸಂಸ್ಥೆಯದು. 1995ರ ಮೇ ತಿಂಗಳಲ್ಲಿ ಅವರೇ ಬಂದಾಗ ಇಡೀ ಕಣಿವೆ ದರ್ಶನಕ್ಕೆ ಸೇರಿತು. ಚುನಾಯಿತ ಸೋವಿಯತ್ತಿಗೆ ಇಲ್ಲದ ಮಾತಿನ ತೂಕ ಅವರಿಗಿತ್ತು. ಮಾಸ್ಕೋದ ಜಾಗಕ್ಕೆ ಇನ್ನೊಬ್ಬ ದೂರದ ದಾತ ಬಂದಂತಾಗಲಿಲ್ಲವೇ? ಸ್ವಾಯತ್ತತೆ ಎಲ್ಲಿ ಉಳಿಯಿತು?

ಶಾಸನಪ್ರಿಯೆ

ಇದಕ್ಕೆ ನಾನು ಉತ್ತರಿಸಲೇ? ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಆದರೆ ವ್ಯತ್ಯಾಸವೊಂದಿದೆ. ಮಾಸ್ಕೋ ಕೊಟ್ಟ ಹಿಟ್ಟಿನ ಜೊತೆ ಯಾವ ಬೆಳೆ ಬೆಳೆಯಬೇಕು, ಯಾವ ಹಳ್ಳಿ ಎಲ್ಲಿಗೆ ಹೋಗಬೇಕು ಎಂಬ ಆಜ್ಞೆಯೂ ಬರುತ್ತಿತ್ತು. ಪ್ರತಿಷ್ಠಾನ ಹಳ್ಳಿಗಳಲ್ಲಿ ಸಂಘಟನೆಗಳನ್ನು ಕಟ್ಟಿಸಿತು, ಕಾಲುವೆ ಎಲ್ಲಿ ತೆಗೆಯಬೇಕೆಂದು ಅವೇ ತೀರ್ಮಾನಿಸಿದವು. ಆಗಾ ಖಾನರು ಆ ಭೇಟಿಯಲ್ಲಿ ಒತ್ತಿ ಹೇಳಿದ್ದು ಶಾಂತಿಯನ್ನು, ತಜಿಕಿಸ್ತಾನದೊಳಗೆ ಬಾಳುವುದನ್ನು. ಪ್ರತ್ಯೇಕ ದೇಶದ ಮಾತಿಗೆ ಅವರಿಂದ ಬೆಂಬಲ ಸಿಗಲಿಲ್ಲ.

ಹಾಗೆಂದು ತೃಪ್ತಿಪಡುವಂತಿಲ್ಲ. ದಾನಿಗೆ ಜನ ಮತ ಹಾಕುವುದಿಲ್ಲ, ದಾನಿಯನ್ನು ಇಳಿಸುವಂತೆಯೂ ಇಲ್ಲ. ಪ್ರಾಂತೀಯ ಸಭೆಯ ತೆರಿಗೆ ಅಧಿಕಾರ ಬೆಳೆಯಲೇ ಇಲ್ಲ. ಬಜೆಟ್ ದುಶಾಂಬೆಯ ಕೈಗೆ ಮರಳಿತು. ಪ್ರಾಂತದ ಮುಖ್ಯಸ್ಥರನ್ನು ನೇಮಿಸುವುದು ದೇಶದ ಅಧ್ಯಕ್ಷರೇ.

ತಾಷ್ಕೆಂಟ್ ಬ್ಯಾಚ್

ಇಂಧನದ ಬಗ್ಗೆ ಯಾರೂ ಬರೆದಿಲ್ಲ. ಕಲ್ಲಿದ್ದಲು ನಿಂತ ಮೇಲೆ ಖೊರೊಗ್ ಸುತ್ತಲಿನ ಮರಗಳು ಒಲೆಗೆ ಹೋದವು. ಮುರ್ಘಾಬಿನಲ್ಲಿ ಮರವೇ ಇಲ್ಲ, 3,600 ಮೀಟರಿಗೂ ಎತ್ತರ. ಅಲ್ಲಿನವರು ತೆರೆಸ್ಕೆನ್ ಎಂಬ ಕುಳ್ಳ ಪೊದೆಯನ್ನು ಬೇರುಸಹಿತ ಕಿತ್ತು ಸುಟ್ಟರು. ಅದೇ ಪೊದೆ ಕುರಿ, ಯಾಕ್‌ಗಳ ಚಳಿಗಾಲದ ಮೇವು. ಬೆಳೆಯುವುದು ಬಹಳ ನಿಧಾನ. ಸೋವಿಯತ್ ಕುಸಿತದ ಗಾಯ ಆ ಹುಲ್ಲುಗಾವಲಿನಲ್ಲಿ ಇನ್ನೂ ಕಾಣುತ್ತದೆ. ಸೋವಿಯತ್ ಕಾಲದಲ್ಲಿ ಕಟ್ಟಲು ಶುರು ಮಾಡಿದ್ದ ಪಾಮೀರ್-1 ಜಲವಿದ್ಯುತ್ ಸ್ಥಾವರ ಅರ್ಧ ಸಾಮರ್ಥ್ಯದಲ್ಲಿ ನಡೆಯತೊಡಗಿದ್ದು 1994ರಲ್ಲಿ. ಅದನ್ನು ಪೂರ್ತಿ ಮಾಡಿಸಲು 2002ರಲ್ಲಿ ಪಾಮೀರ್ ಎನರ್ಜಿ ಕಂಪನಿ ಬರಬೇಕಾಯಿತು.

ಹಿಮಕಣಿವೆ

ಮುರ್ಘಾಬಿನ ವಿಷಯ ತೆಗೆದದ್ದಕ್ಕೆ ಕೃತಜ್ಞತೆ. ಪಾಮೀರ್ ಎಂದರೆ ಖೊರೊಗ್ ಮಾತ್ರವೆಂಬಂತೆ ಎಲ್ಲರೂ ಬರೆಯುತ್ತೇವೆ.

ಸಹ್ಯಾದ್ರಿಯವರ ಪ್ರಶ್ನೆಗೆ ನನ್ನ ಉತ್ತರ: ಹೌದು, ಅವಲಂಬನೆ ಹೋಗಲಿಲ್ಲ. ಆದರೆ ಘೋಷಣೆ ವ್ಯರ್ಥವಾಯಿತು ಎಂದು ನಾನು ಒಪ್ಪುವುದಿಲ್ಲ. ಖೊರೊಗ್ ಯುದ್ಧದಲ್ಲಿ ಬೀಳಲಿಲ್ಲ. ಗಣರಾಜ್ಯದ ಮಾತನ್ನು ಸೋವಿಯತ್ ಬಿಟ್ಟುಕೊಟ್ಟಿತು, ಆದರೆ ಪ್ರತಿಯಾಗಿ ಸ್ವಾಯತ್ತ ಪ್ರಾಂತವೆಂಬ ಸ್ಥಾನ ಉಳಿಯಿತು. ದಕ್ಷಿಣ ಒಸೆಟಿಯಾ, ಕರಬಾಖ್‌ಗಳಿಗೆ ಆದ ರದ್ದತಿ ಇಲ್ಲಿ ಆಗಲಿಲ್ಲ. ಎಲ್ಲ ದಿಕ್ಕಿನಿಂದಲೂ ಕತ್ತು ಹಿಸುಕಲ್ಪಟ್ಟ ಒಂದು ಸಣ್ಣ ಆಡಳಿತಕ್ಕೆ ಇದು ಸಣ್ಣ ಗಳಿಕೆಯಲ್ಲ.

ಶಾಸನಪ್ರಿಯೆ

ಆ ಗಳಿಕೆ ಬರಹದಲ್ಲೇ ಇದೆ. 1994ರ ನವೆಂಬರಿನಲ್ಲಿ ಅಂಗೀಕಾರವಾದ ತಜಿಕಿಸ್ತಾನ ಸಂವಿಧಾನದ 81ನೆಯ ವಿಧಿ ಎರಡು ಮಾತು ಹೇಳುತ್ತದೆ. ಗೋರ್ನೊ-ಬದಖ್ಶಾನ್ ದೇಶದ ಅವಿಭಾಜ್ಯ ಅಂಗ. ಅದರ ಜನಪ್ರತಿನಿಧಿಗಳ ಸಭೆಯ ಒಪ್ಪಿಗೆಯಿಲ್ಲದೆ ಅದರ ಗಡಿಯನ್ನು ಬದಲಿಸುವಂತಿಲ್ಲ. ಮೊದಲ ಮಾತು ದುಶಾಂಬೆಗೆ, ಎರಡನೆಯದು ಖೊರೊಗ್‌ಗೆ. 1992ರ ಒತ್ತಡವಿಲ್ಲದಿದ್ದರೆ ಎರಡನೆಯ ಮಾತು ಅಲ್ಲಿ ಇರುತ್ತಿತ್ತೇ ಎಂಬುದು ನನ್ನ ಸಂಶಯ.

ದೂರದ ದಾರಿ

ಆ ವಿಧಿ ಎಷ್ಟು ಕಾಲ ಕಾಪಾಡಿತು, ಮೇಡಂ? 2011ರಲ್ಲಿ ಮುರ್ಘಾಬ್ ಕಡೆಯ ಸುಮಾರು 1,000 ಚದರ ಕಿಲೋಮೀಟರ್ ನೆಲವನ್ನು ಚೀನಾಕ್ಕೆ ಬಿಟ್ಟುಕೊಡುವ ಒಪ್ಪಂದವನ್ನು ದುಶಾಂಬೆಯ ಸಂಸತ್ತು ಅನುಮೋದಿಸಿತು. 2012ರ ಜುಲೈನಲ್ಲಿ ಖೊರೊಗ್ ನಗರದೊಳಗೇ ಸೈನ್ಯದ ಕಾರ್ಯಾಚರಣೆ. 2022ರ ಮೇ ತಿಂಗಳಲ್ಲಿ ರುಶಾನ್‌ನಲ್ಲಿ ಮತ್ತೆ ರಕ್ತ ಹರಿಯಿತು. ಆ ನಂತರ ಪತ್ರಕರ್ತರು, ವಕೀಲರು, ಊರಿನ ಹಿರಿಯರು ಜೈಲು ಸೇರಿದರು.

ಶಾಸನಪ್ರಿಯೆ

ನೀವು ಹೇಳುವುದನ್ನು ಅಲ್ಲಗಳೆಯುವುದಿಲ್ಲ. ವಿಧಿ ಇನ್ನೂ ಇದೆ. ಅದನ್ನು ಎತ್ತಿ ಹಿಡಿದು ಕೇಳಬಲ್ಲ ಸಭೆಯಾಗಲಿ ನ್ಯಾಯಾಲಯವಾಗಲಿ ಉಳಿದಿಲ್ಲ. 1992ರಲ್ಲಿ ಖೊರೊಗ್‌ನ ಪ್ರತಿನಿಧಿಗಳ ಕೈಯಲ್ಲಿ ಹಣವಿರಲಿಲ್ಲ, ದಾರಿಯಿರಲಿಲ್ಲ, ಆದರೆ ಸಭೆ ಸೇರಿ ಬಾಯಿಬಿಟ್ಟು ನಿರ್ಣಯ ಮಾಡುವ ಧೈರ್ಯವಿತ್ತು. ಇಂದು ದಾರಿಯಿದೆ, 2004ರಲ್ಲಿ ಕುಲ್ಮಾ ಕಣಿವೆಮಾರ್ಗ ತೆರೆದ ಮೇಲೆ ಚೀನಾದ ಲಾರಿಗಳೂ ಓಡಾಡುತ್ತವೆ. ಆ ಸಭೆ ಮಾತ್ರ ದುಶಾಂಬೆ ಕಳಿಸಿದ್ದಕ್ಕೆ ಕೈ ಎತ್ತುತ್ತದೆ.

ಹಿಮಕಣಿವೆ

ಈ ಎಳೆಯನ್ನು ತೆರೆದೇ ಇಡುತ್ತೇನೆ. ಆ ವರ್ಷಗಳ ಸಭೆಯ ನಡಾವಳಿಗಳನ್ನು ರಷ್ಯನ್ ಅಥವಾ ತಜಿಕ್ ಭಾಷೆಯಲ್ಲಿ ಓದಬಲ್ಲವರು ಇದ್ದರೆ ದಯವಿಟ್ಟು ಸೇರಿಕೊಳ್ಳಿ. ಭೂಮಿ ಹಂಚಿಕೆಯಲ್ಲಿ ಹೆಣ್ಣುಮಕ್ಕಳೇ ನಡೆಸುತ್ತಿದ್ದ ಕುಟುಂಬಗಳಿಗೆ ಏನು ಸಿಕ್ಕಿತು, ವಖ್ಶ್‌ನಿಂದ ಓಡಿ ಬಂದವರಿಗೆ ಪಾಲು ಇತ್ತೇ ಎಂಬುದನ್ನು ಮುಂದೆ ಚರ್ಚಿಸಬೇಕೆಂದಿದ್ದೇನೆ.